ರೈಲಿನ ಮೇಲೊಂದು ಪಾರ್ಕು: ರಿವರ್‌ಸೈಡಾ, ಹಡ್ಸನ್ ಯಾರ್ಡ್ಸಾ?

ನ್ಯೂಯಾರ್ಕ್‌ನಲ್ಲಿ ಒಂದೇ ಮಧ್ಯಾಹ್ನ ಬಿಡುವಿದ್ದು, ಹಳಿಗಳ ಮೇಲೆ ಪಾರ್ಕು ಹೇಗೆ ಕಟ್ಟುತ್ತಾರೆ ಅಂತ ನೋಡಬೇಕಾ? ಮ್ಯಾನ್‌ಹಟನ್‌ನಲ್ಲಿ, ಹಡ್ಸನ್ ನದಿಯ ಪಕ್ಕದಲ್ಲೇ ಎರಡು ಇವೆ.

ರಿವರ್‌ಸೈಡ್ ಪಾರ್ಕಿನಲ್ಲಿ 1930ರ ದಶಕದಲ್ಲಿ ನಗರದ ಪಾರ್ಕು ಆಯುಕ್ತ ರಾಬರ್ಟ್ ಮೋಸೆಸ್ ಹಳಿಗಳನ್ನು ಸುರಂಗದೊಳಗೆ ಮುಚ್ಚಿಸಿ ಮೇಲೆ ಹಸಿರು ಹಾಸಿಸಿದರು. ಈಗ ಅಲ್ಲಿ ಮರಗಳು ದೊಡ್ಡದಾಗಿವೆ, ಮಕ್ಕಳು ಆಡುತ್ತಾರೆ. ನೆಲದ ಕಬ್ಬಿಣದ ಜಾಲರಿ ಹತ್ತಿರ ನಿಂತರೆ ಕೆಳಗೆ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ರೈಲಿನ ಸದ್ದು ಕೇಳಬಹುದು. ಆದರೆ ಅದೇ ಯೋಜನೆಯಲ್ಲಿ ನದಿಯ ಅಂಚಿಗೆ ಹೆದ್ದಾರಿಯನ್ನೂ ತಂದರು. ರೈಲನ್ನು ಮುಚ್ಚಿ ಕಾರನ್ನು ತಂದಂತಾಯ್ತು, ಅಲ್ವಾ?

ಹಡ್ಸನ್ ಯಾರ್ಡ್ಸ್‌ನ ಚೌಕ ತೆರೆದದ್ದು 2019ರಲ್ಲಿ. ಇಲ್ಲಿನ ಎಂಜಿನಿಯರಿಂಗ್ ನೋಡುವಂಥದ್ದು. ಕೆಳಗೆ ರೈಲುಗಳನ್ನು ನಿಲ್ಲಿಸುವ ಯಾರ್ಡಿನ ಬಿಸಿಗೆ ಬೇರು ಬೆಂದುಹೋಗಬಾರದು ಅಂತ ದೊಡ್ಡ ಫ್ಯಾನುಗಳಿವೆ, ಮಣ್ಣಿನಡಿ ತಂಪು ದ್ರವ ಹರಿಯುವ ಕೊಳವೆಗಳಿವೆ. ಮಳೆನೀರನ್ನು ಹಿಡಿದು ಗಿಡಗಳಿಗೆ ಬಿಡುತ್ತಾರೆ. ಆದರೆ ಸುತ್ತ ಗಾಜಿನ ಗೋಪುರಗಳು, ಮಾಲ್. ನದಿ ಹತ್ತಿರವಿದ್ದರೂ ಪಕ್ಕದಲ್ಲಿದೆ ಅನ್ನಿಸುವುದೇ ಇಲ್ಲ.

ಎಂಜಿನಿಯರಿಂಗ್ ಕಲಿಯುವ ವಿದ್ಯಾರ್ಥಿಗೆ ಹಡ್ಸನ್ ಯಾರ್ಡ್ಸ್, ಜೊತೆಗೆ ಹಳೆಯ ಎತ್ತರದ ರೈಲು ಹಾದಿಯನ್ನೇ ಪಾರ್ಕು ಮಾಡಿದ ಪಕ್ಕದ ಹೈ ಲೈನೂ ಸಿಗುತ್ತದೆ. ಸುಮ್ನೆ ಕೂರಬೇಕು ಅನ್ನುವವರು ಯೋಚಿಸದೆ ರಿವರ್‌ಸೈಡ್‌ಗೆ ಹೋಗಿ, ಸಂಜೆ ಹೊತ್ತಿಗೆ.