ಶೇಂಗಾ ಚಟ್ನಿ ಮುಂದೆ ಮೂರು ವೈನ್: ನನ್ನ ಆಯ್ಕೆ ಶೆನಿನ್ ಬ್ಲಾಂಕ್

ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಎಂಬ ಎರಡು ರೆಡ್ ವೈನ್, ಶೆನಿನ್ ಬ್ಲಾಂಕ್ ಎಂಬ ವೈಟ್ ವೈನ್, ಮೂರನ್ನೂ ಮನೆ ಊಟದ ಜೊತೆ ಕುಡಿದು ನೋಡಿದ್ದೇನೆ. ಇನ್ನು ಮುಂದೆ ನಮ್ಮ ಮನೆಗೆ ಬರುವುದು ಶೆನಿನ್ ಒಂದೇ.

ನಮ್ಮದು ದಕ್ಷಿಣ ಸೊಲ್ಲಾಪುರ ತಾಲೂಕು. ಹೊಲದಲ್ಲಿ ದ್ರಾಕ್ಷಿ ಇದೆ, ಆದರೆ ಅದು ತಿನ್ನುವ ಹಣ್ಣು. ನಮ್ಮ ಜಿಲ್ಲೆಯ ನಾನ್ನಜ್‌ನಲ್ಲೇ ಹುಟ್ಟಿದ ಸೋನಾಕಾ. ಉದ್ದ ಕಾಯಿ, ಬೀಜವಿಲ್ಲ. ವೈನ್ ದ್ರಾಕ್ಷಿ ಇದಕ್ಕೆ ಪೂರ್ತಿ ಉಲ್ಟಾ. ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಆ ಸಿಪ್ಪೆ, ಬೀಜವೇ ನನಗೆ ಕೈಕೊಟ್ಟಿದ್ದು.

ಯುಗಾದಿ ಕರಿ ದಿನ ಅಣ್ಣ, ವೈನಿ (ಅತ್ತಿಗೆ) ಬಂದಿದ್ದರು. ಅಂಗಡಿಯವರ ಮಾತು ಕೇಳಿ ಕ್ಯಾಬರ್ನೆ ತಂದೆ. ಮೂರರಲ್ಲಿ ಅದೇ ದುಬಾರಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾರದ ಮಟನ್ ಸಾರು. ಮೊದಲ ಗುಟುಕು ಚೆನ್ನಾಗಿಯೇ ಇತ್ತು. ಚಟ್ನಿ ತಿಂದು ಎರಡನೇ ಗುಟುಕು ಕುಡಿದಾಗ ನಾಲಿಗೆ ಉರಿಯಿತು, ವಸಡು ಬಿಗಿದುಕೊಂಡಿತು. ವೈನಿ ಗ್ಲಾಸು ಪಕ್ಕಕ್ಕಿಟ್ಟು ಮಜ್ಜಿಗೆ ಕೇಳಿದರು. ಅಷ್ಟು ದುಡ್ಡು ಕೊಟ್ಟು ತಂದಿದ್ದೆ, ತುಂಬಾ ಬೇಜಾರಾಯಿತು.

ಬಾಟಲಿಯಲ್ಲಿ ದೋಷ ಇರಲಿಲ್ಲ. ವೈನ್ ಬಲ್ಲವರು ಟ್ಯಾನಿನ್ ಅನ್ನುತ್ತಾರಲ್ಲ, ಅದು ನಮ್ಮ ಒಗರು. ನೇರಳೆ ಹಣ್ಣು ತಿಂದರೆ ಬಾಯಿ ಹಿಡಿದುಕೊಳ್ಳುತ್ತದೆ, ಅಲ್ವಾ? ಅದೇ. ರೆಡ್ ವೈನಿಗೆ ರಸವನ್ನು ಸಿಪ್ಪೆ, ಬೀಜದ ಜೊತೆಯೇ ಹುದುಗಲು ಬಿಡುತ್ತಾರೆ. ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ನುಣುಪನ್ನೇ ತೆಗೆದುಬಿಡುತ್ತದೆ. ಅದರ ಮೇಲೆ ನಮ್ಮ ಖಾರ. ಆಲ್ಕೋಹಾಲ್ ಆ ಉರಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ಉಳಿದ ಕ್ಯಾಬರ್ನೆಯನ್ನು ಮರುದಿನ ಬರೀ ಉಪ್ಪು ಹಾಕಿ ಸುಟ್ಟ ಮಟನ್ ಜೊತೆ ಕುಡಿದೆವು. ಕೊಬ್ಬು ಇದ್ದ ತುಂಡಿಗೆ ಒಗರು ಎಷ್ಟೋ ಮೆತ್ತಗಾಯಿತು. ಆದರೆ ನಮ್ಮನೆಯಲ್ಲಿ ಖಾರ ಇಲ್ಲದ ಊಟ ಎಷ್ಟು ದಿನ ಇರುತ್ತದೆ?

ಇನ್ನೊಂದು ಮಾತು. ಲೇಬಲ್ ಮೇಲೆ ಡ್ರೈ ಎಂದಿದ್ದರೆ ಒಗರು ಅಂದುಕೊಳ್ಳಬೇಡಿ. ಸಿಹಿ ಇಲ್ಲ ಎಂದಷ್ಟೇ ಅದರ ಅರ್ಥ.

ಶಿರಾಜ್ ನನಗೆ ಕ್ಯಾಬರ್ನೆಗಿಂತ ಇಷ್ಟ, ಆದರೆ ಅದೂ ಒಗರಿರುವ ರೆಡ್ ವೈನೇ. ಮೂಗಿಗೆ ಕರಿಮೆಣಸಿನ ವಾಸನೆ ಬರುತ್ತದೆ. ಸುಮ್ನೆ ವರ್ಣನೆಗೆ ಹೇಳುವ ಮಾತಲ್ಲ ಇದು. ಮೆಣಸಿನಲ್ಲಿರುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ಸಿಪ್ಪೆಯಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ರೂಮ್ ಟೆಂಪರೇಚರಿನಲ್ಲಿ ಕುಡಿಯಿರಿ ಅನ್ನುವವರ ಲೆಕ್ಕ 16ರಿಂದ 18 ಡಿಗ್ರಿ. ಸೊಲ್ಲಾಪುರದ ಬೇಸಿಗೆಗೆ ಅದು ನಡೆಯಲ್ಲ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಶೆನಿನ್ ಫ್ರಾನ್ಸಿನ ಲುವಾರ್ ಕಣಿವೆಯ ತಳಿ, ಈಗ ನಾಸಿಕದಲ್ಲೂ ಚೆನ್ನಾಗಿ ಬೆಳೆಯುತ್ತದೆ. ಹಣ್ಣು ಹಿಂಡಿ, ಸಿಪ್ಪೆ ತೆಗೆದು, ಬರೀ ರಸ ಹುದುಗಿಸುತ್ತಾರೆ. ಹಾಗಾಗಿ ಒಗರಿನ ಕಾಟವಿಲ್ಲ. ಬಾಯಲ್ಲಿ ನೀರೂರಿಸುವ ಹುಳಿ, ಪೇರಲ ಹಣ್ಣಿನ ಘಮ. ನಾನು ತಂದದ್ದರಲ್ಲಿ ಚೂರು ಸಿಹಿಯೂ ಇತ್ತು, ಖಾರಕ್ಕೆ ಅದು ತಂಪು. ಶೇಂಗಾ ಚಟ್ನಿ ಮೇಲೆ ನಿಂಬೆ ಹಿಂಡಿದ ಹಾಗೆ ಹೊಂದಿಕೊಂಡಿತು.

ನಾವು ತಿಂಗಳಿಗೆ ತರುವುದು ಒಂದೇ ಬಾಟಲಿ. 750 ಎಂಎಲ್ ಅಂದರೆ ಹೆಚ್ಚುಕಮ್ಮಿ ಐದು ಗ್ಲಾಸು. ಶನಿವಾರ ಇಬ್ಬರಿಗೆ ಒಂದೊಂದು, ಉಳಿದದ್ದಕ್ಕೆ ತಿರುಪಿನ ಮುಚ್ಚಳ ಹಾಕಿ ಫ್ರಿಜ್‌ಗೆ. ಮಂಗಳವಾರದವರೆಗೂ ಶೆನಿನ್ ರುಚಿ ಕೆಟ್ಟಿರಲಿಲ್ಲ. ದಸರೆಗೆ ಅಣ್ಣ, ವೈನಿ ಮತ್ತೆ ಬಂದಾಗ ಅದನ್ನೇ ಕೊಟ್ಟೆ. ಈ ಸಲ ವೈನಿ ಮಜ್ಜಿಗೆ ಕೇಳಲಿಲ್ಲ.