ವಿಜಯಪುರದ ಬೇಸಿಗೆಯಲ್ಲಿ ಪುಕ್ಕಟೆ: ಕೆರೆ ದಂಡೆಯೋ, ಬಾವಡಿಯೋ, ಗಿಡಕ್ಕೆ ನೀರೋ?

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ ಬೀಳುತ್ತದೆ. ಅದೇ ಹೊತ್ತಿಗೆ ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಕ್ಕಳನ್ನು ಒಳಗೆ ಕೂಡಿಹಾಕಿದರೆ ಮೊಬೈಲು, ಹೊರಗೆ ಬಿಟ್ಟರೆ ಬಿಸಿಲು. ದುಡ್ಡು ಕೊಟ್ಟು ಸೇರಿಸುವ ಬೇಸಿಗೆ ಶಿಬಿರಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ನಡೆಯುವುದು ಹಾಲ್ ಒಳಗೆ, ಫ್ಯಾನ್ ಕೆಳಗೆ. ನನಗೆ ಬೇಕಾಗಿದ್ದು ಬಯಲಲ್ಲಿ ಆಗುವಂಥದ್ದು. ಖರ್ಚು ಇರಬಾರದು, ಆದರೆ ಊರಿಗೂ ಸ್ವಲ್ಪ ಉಪಯೋಗ ಆಗಬೇಕು. ಮಗಳನ್ನೂ ಅಣ್ಣನ ಮಗನನ್ನೂ ಕಟ್ಟಿಕೊಂಡು ನಾನು ನೋಡಿಬಂದ ಕಡೆಗಳನ್ನು ಇಲ್ಲಿ ಎದುರುಬದುರು ಇಟ್ಟಿದ್ದೇನೆ. ಮಗಳು ನಾಲ್ಕನೇ ಇಯತ್ತೆ, ಹುಡುಗ ಏಳನೇ ಇಯತ್ತೆ. ವಯಸ್ಸಿನ ಮೇಲೆ ಲೆಕ್ಕ ಬದಲಾಗುತ್ತದೆ, ಅದಕ್ಕೇ ಹೇಳಿದೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗಿಡಕ್ಕೆ ನೀರು ಹಾಕುವ ಗುಂಪು ಎಲ್ಲಕ್ಕಿಂತ ಮೇಲು. ನೋಡಲಿಕ್ಕೆ ಅಲ್ಲಿ ಏನೂ ಇಲ್ಲ. ಆದರೂ ಮಕ್ಕಳು ಮತ್ತೆ ಮತ್ತೆ ಹೋಗೋಣ ಅಂದದ್ದು ಅಲ್ಲಿಗೇ.

ಮೊದಲು ಕೆರೆ ದಂಡೆ. ನಮಗೆ ಹತ್ತಿರದಲ್ಲಿ ಎರಡಿವೆ, ಬೇಗಂ ತಲಾಬ್ ಮತ್ತು ಭೂತನಾಳ. ಬೇಗಂ ತಲಾಬ್ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ್ದು. ಇಲ್ಲಿಂದ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ಹೋಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಒಡ್ಡಿನ ಮೇಲೆ ಇರಬೇಕು. ಎಂಟರ ಮೇಲೆ ನಿಂತರೆ ಹಕ್ಕಿಯೂ ಇಲ್ಲ, ತಾಳ್ಮೆಯೂ ಇರುವುದಿಲ್ಲ. ಚಳಿಗಾಲದ ವಲಸೆ ಬಾತುಗಳು ಆಗಲೇ ಹೊರಟುಹೋಗಿರುತ್ತವೆ, ಅವುಗಳ ಆಸೆ ಇಟ್ಟುಕೊಳ್ಳಬೇಡಿ. ನೀರುಕಾಗೆ, ಬೆಳ್ಳಕ್ಕಿ, ಕೊಳದ ಬಕ, ಮೆಟ್ಟುಗಾಲು ಹಕ್ಕಿ, ಮಿಂಚುಳ್ಳಿ ಇಷ್ಟು ಸಿಕ್ಕರೆ ಮಕ್ಕಳಿಗೆ ಸಾಕು.

ಬೇಸಿಗೆಯಲ್ಲಿ ನೋಡಲೇಬೇಕಾದ್ದು ಟಿಟ್ಟಿಭ. ಅದು ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲಿ, ಹರಳುಕಲ್ಲಿನ ನಡುವೆ ಒಂದು ಚಿಕ್ಕ ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನ ಹಾಗೇ ಇರುತ್ತದೆ, ಕಪ್ಪು ಮಚ್ಚೆ ಬೇರೆ. ಕಾಲ ಬುಡದಲ್ಲೇ ಇದ್ದರೂ ಕಾಣುವುದಿಲ್ಲ. ನಾವು ನೋಡಿದ ಜೋಡಿಯಲ್ಲಿ ಒಂದು ಹಕ್ಕಿ ಮೊಟ್ಟೆ ಬಿಟ್ಟು ನೀರಿನ ಅಂಚಿಗೆ ಹೋಯಿತು. ಹೊಟ್ಟೆಯ ಪುಕ್ಕ ನೆನೆಸಿಕೊಂಡಿತು, ವಾಪಸ್ ಬಂದು ಕೂತಿತು. ಬಿಸಿಲಿಗೆ ಮೊಟ್ಟೆ ಬೇಯಬಾರದು ಅಂತ ತಂಪು ಮಾಡುವ ಉಪಾಯ ಅದು. ನಮ್ಮ ಹುಡುಗ ಅದನ್ನು ನೋಡಿದ ಮೇಲೆ ಸುಮ್ನೆ ಕೂತುಬಿಟ್ಟ, ಎಬ್ಬಿಸಿದರೂ ಏಳಲಿಲ್ಲ. ಹಕ್ಕಿ ತಲೆ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ನೀವು ಮೊಟ್ಟೆಗೆ ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ನೆಲ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಫೋಟೋ ಬೇಡ. ನೀವು ಅಲ್ಲಿ ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಇರುತ್ತದೆ.

ಹಕ್ಕಿ ನೋಡುವುದರಲ್ಲಿ ಸೇವೆ ಎಲ್ಲಿ ಬಂತು ಅಂತ ಕೇಳಬಹುದು. ಬರುತ್ತದೆ. ಕಂಡ ಹಕ್ಕಿಗಳನ್ನು ಎಣಿಸಿ ಇಬರ್ಡ್ ಆ್ಯಪ್‌ನಲ್ಲಿ ಹಾಕಬಹುದು. ಮೇ ತಿಂಗಳ ಎರಡನೇ ಶನಿವಾರದ ಹೊತ್ತಿಗೆ ಜಗತ್ತಿನ ತುಂಬಾ ಜನ ಒಂದೇ ದಿನ ಹಕ್ಕಿ ಎಣಿಸುವ ಗ್ಲೋಬಲ್ ಬಿಗ್ ಡೇ ಇರುತ್ತದೆ. ದೊಡ್ಡ ಊರುಗಳಿಂದ ಪಟ್ಟಿ ಹಾಕುವವರು ಬಹಳ. ನಮ್ಮ ಕಡೆಯ ಕೆರೆಗಳಿಂದ ಹಾಕುವ ಒಂದೊಂದು ಪಟ್ಟಿಗೂ ಅದಕ್ಕೇ ಬೆಲೆ ಜಾಸ್ತಿ. ಹಕ್ಕಿಯ ಕೂಗು ಕೇಳಿಸಿದರೆ ಹೆಸರು ಹೇಳುವ ಮರ್ಲಿನ್ ಆ್ಯಪ್ ಸಹ ಪುಕ್ಕಟೆ. ಆದರೆ ಅದು ಹೇಳಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪಟ್ಟಿಗೆ ಸೇರಿಸಿ.

ಎರಡು ಕೆರೆಯಲ್ಲಿ ಯಾವುದು? ಮಕ್ಕಳಿದ್ದರೆ ಬೇಗಂ ತಲಾಬ್. ಹತ್ತಿರ, ಬೇಗ ಮನೆಗೆ ವಾಪಸ್ ಆಗಬಹುದು. ದೊಡ್ಡವರೇ ಹೋಗುವುದಾದರೆ ಭೂತನಾಳ. ಗದ್ದಲ ಕಡಿಮೆ.

ಆಲಮಟ್ಟಿ ಹಿನ್ನೀರಿನ ಮಾತು ಬಿಡುವಂತಿಲ್ಲ. ಬೇಸಿಗೆಯಲ್ಲಿ ಕೃಷ್ಣೆಯ ನೀರು ಹಿಂದೆ ಸರಿದು ಕೆಸರಿನ ಬಯಲು ಬೀಳುತ್ತದೆ. ಅಲ್ಲಿಗೆ ರಾಜಹಂಸಗಳು ಇಳಿಯುತ್ತವೆ. ಕೊಲ್ಹಾರದ ಉದ್ದದ ಸೇತುವೆ ದಾಟುವಾಗ ಎರಡೂ ಕಡೆ ಹಿನ್ನೀರು ಕಾಣುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ನನಗೂ ಮಗಳಿಗೂ ಬಸ್ಸಿಗೆ ದುಡ್ಡು ಬೀಳಲಿಲ್ಲ, ಹುಡುಗನದ್ದು ಅರ್ಧ ಟಿಕೆಟ್. ರಾಜಹಂಸ ತಲೆ ಕೆಳಗೆ ಮಾಡಿ, ಕೊಕ್ಕು ತಿರುವಿ ಹಾಕಿ ಕೆಸರುನೀರು ಸೋಸಿ ತಿನ್ನುವುದನ್ನು ಒಮ್ಮೆಯಾದರೂ ನೋಡಬೇಕು. ಆದರೆ ದುರ್ಬೀನು ಇಲ್ಲದಿದ್ದರೆ ದೂರದಲ್ಲಿ ಒಂದು ಬಿಳಿ ಗೆರೆ ಅಷ್ಟೇ ಕಾಣುತ್ತದೆ. ಹತ್ತಿರ ಹೋಗೋಣ ಅಂದರೆ ಹೂಳು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲ ತನಕ ಹೋಗುತ್ತದೆ. ಚಿಕ್ಕ ಮಕ್ಕಳನ್ನು ಕೈಬಿಡುವಂತಿಲ್ಲ. ಅದು ವರ್ಷಕ್ಕೊಮ್ಮೆ ಹೋಗಿಬರುವ ಜಾಗ. ವಾರವಾರ ಹೋಗುವುದು ನಮ್ಮಂಥವರ ಕೈಲಾಗದು.

ಇನ್ನು ಬಾವಡಿ, ಅಂದರೆ ಮೆಟ್ಟಿಲು ಬಾವಿಯ ಸ್ವಚ್ಛತೆ. ತಾಜ್ ಬಾವಡಿ 1620ರದ್ದು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಕಮಾನಿನ ಒಳಗಿಂದ ಮೆಟ್ಟಿಲು ಇಳಿಯುವಾಗ ಹೊರಗಿನ ಧಗೆ ಒಮ್ಮೆಲೇ ಕಡಿಮೆಯಾಗುತ್ತದೆ. ಇಂಥ ಜಾಗದ ಸುತ್ತ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಬಾಟಲಿ, ಒಣಗಿದ ಹಾರ, ಒಡೆದ ಗಾಜಿನ ದೇವರ ಫೋಟೋ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಶ್ರಮದಾನಕ್ಕೆ ಕರೆ ಬಂದಾಗ ನಾವೂ ಹೋದೆವು.

ಕೆಲಸ ಬೇಗ ಕಣ್ಣಿಗೆ ಕಾಣುತ್ತದೆ, ಇದರ ದೊಡ್ಡ ಗುಣ ಅದು. ಎರಡು ತಾಸಿನಲ್ಲಿ ಜಾಗ ಬೇರೆಯೇ ಆಗುತ್ತದೆ. ಕಾಲೇಜು ಹುಡುಗರಿಗೆ ಇದು ಸರಿಯಾದ ಕೆಲಸ. ಆದರೆ ಸಣ್ಣ ಮಕ್ಕಳನ್ನು ನಾನು ಮತ್ತೆ ಕರೆದೊಯ್ಯಲಾರೆ. ಗಾಜು, ಜಾರುವ ಮೆಟ್ಟಿಲು, ಆಳದ ನೀರು, ಮೂರೂ ಅಲ್ಲಿವೆ. ಇಂಥ ಹಳೆಯ ಕಟ್ಟಡದಲ್ಲಿ ನಮಗೆ ತಿಳಿದ ಹಾಗೆ ಅಗೆಯುವುದು, ಕಲ್ಲು ಸರಿಸುವುದು, ಗೋಡೆಯ ಗಿಡ ಕೀಳುವುದು ಮಾಡಬಾರದು. ಬೇರು ಎಳೆದರೆ ಕಲ್ಲೇ ಕಿತ್ತುಬರಬಹುದು. ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಇರುವ ಗುಂಪಿನ ಜೊತೆಗೇ ಹೋಗಬೇಕು. ನನಗೆ ಬೇಸರ ತಂದದ್ದು ಮತ್ತೊಂದು. ಕರೆದವರು ಫೋಟೋ ತೆಗೆಸಿಕೊಂಡು ಹೊರಟರು. ತುಂಬಿದ ಚೀಲಗಳನ್ನು ಒಯ್ಯುವ ಗಾಡಿಗೆ ಯಾರೂ ಹೇಳಿರಲಿಲ್ಲ. ಮುಂದಿನ ವಾರ ನೋಡಿದರೆ ನಾಯಿಗಳು ಚೀಲ ಹರಿದು ಎಲ್ಲಾ ಮೊದಲಿನ ಹಾಗೇ ಹರಡಿದ್ದವು. ಯಾವುದೇ ಸ್ವಚ್ಛತಾ ಗುಂಪಿಗೆ ಸೇರುವ ಮೊದಲು ಕಸದ ಗಾಡಿ ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಹೋಗಬೇಡಿ.

ಈಗ ಗಿಡಕ್ಕೆ ನೀರು. ವಿಜಯಪುರ ಜಿಲ್ಲೆಯಲ್ಲಿ ಕಾಡು ಅನ್ನುವುದು ನೆಲದ ಶೇಕಡಾ ಒಂದರಷ್ಟೂ ಇಲ್ಲ. ವರ್ಷದ ಮಳೆ 600 ಮಿಲಿಮೀಟರ್‌ಗಿಂತ ಕಡಿಮೆ. ಕೋಟಿ ವೃಕ್ಷ ಅಭಿಯಾನ ಶುರುವಾದ ಮೇಲೆ ಊರ ಸುತ್ತ ಗಿಡ ನೆಡುವ ಹುಮ್ಮಸ್ಸು ಬಂದಿದೆ. ಜೂನ್ 5ಕ್ಕೆ ಎಲ್ಲರೂ ನೆಡುತ್ತಾರೆ. ಆ ಗಿಡ ಮುಂದಿನ ಏಪ್ರಿಲ್ ದಾಟುತ್ತದೋ ಇಲ್ಲವೋ ಅನ್ನುವುದೇ ನಿಜವಾದ ಪ್ರಶ್ನೆ. ಮೊದಲ ಎರಡು ಮೂರು ಬೇಸಿಗೆ ದಾಟಿಸಿದರೆ ಬೇವು, ಹೊಂಗೆ, ಹುಣಸೆ ಆಮೇಲೆ ತಾವೇ ನೋಡಿಕೊಳ್ಳುತ್ತವೆ. ಆದ್ದರಿಂದ ಬೇಸಿಗೆ ರಜೆಯಲ್ಲಿ ಮಾಡುವಂಥ ಸೇವೆ ಅಂದರೆ ನೀರು ಹಾಕುವುದು. ರಜೆ ಬೀಳುವುದೂ ಗಿಡಕ್ಕೆ ನೀರು ಬೇಕಾಗುವುದೂ ಒಂದೇ ಹೊತ್ತಿಗೆ.

ನಾವು ಸೇರಿದ ಗುಂಪಿಗೆ ಹೆಸರಿಲ್ಲ. ಬಡಾವಣೆಯ ನಾಲ್ಕಾರು ಮನೆಯವರು, ನಿವೃತ್ತ ಮಾಸ್ತರರು, ಹತ್ತಿರದ ಹೊಲದ ಒಬ್ಬ ಕಾಕಾ. ಭಾನುವಾರ ಬೆಳಿಗ್ಗೆ ಟ್ಯಾಂಕರ್ ಬರುತ್ತದೆ, ಕ್ಯಾನು ಕೊಡ ಹಿಡಿದು ಗಿಡಕ್ಕೊಬ್ಬರು ನಿಲ್ಲುತ್ತಾರೆ. ಮೊದಲ ದಿನ ಮಗಳು ಕೊಡ ಬಗ್ಗಿಸಿ ಒಂದೇ ಸಲ ಸುರಿಯಹೊರಟಳು. ಕಾಕಾ ಕೈ ಹಿಡಿದರು. "ಸಾವಕಾಶ ಹಾಕವ್ವಾ. ಅದಕ್ಕ ಕುಡಿಲಿಕ್ಕ ವ್ಯಾಳ್ಯಾ ಬೇಕಲ್ಲ?"

ಅವರ ಹತ್ತಿರ ಕಲಿತದ್ದು ಬಹಳ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಹಾಗೇ ನೀರು ಸುರಿದರೆ ಬಿರುಕಿನಲ್ಲಿ ಇಳಿದುಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮೊದಲು ಕಳೆ ತೆಗೆಯುವ ಕುರ್ಚಿಗೆಯಿಂದ ಮೇಲ್ಮಣ್ಣು ಕೆದರಿ ಬಿರುಕು ಮುಚ್ಚಬೇಕು. ಬುಡಕ್ಕೆ ಅಂಟಿಸದೆ ಒಂದು ಗೇಣು ಆಚೆ ದುಂಡಗೆ ಪಾತಿ ಮಾಡಬೇಕು. ಅರ್ಧ ಕೊಡ ಹಾಕಿ, ಇಂಗಿದ ಮೇಲೆ ಉಳಿದರ್ಧ. ದಿನಾ ಒಂದು ಚೆಂಬು ಹಾಕುವುದಕ್ಕಿಂತ ವಾರಕ್ಕೊಮ್ಮೆ ತುಂಬು ಕೊಡ ಒಳ್ಳೆಯದು, ಬೇರು ನೀರು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಆಮೇಲೆ ಪಾತಿಯ ಮೇಲೆ ಕಬ್ಬಿನ ರವದಿ ಅಥವಾ ಒಣ ಎಲೆ ಮುಚ್ಚಬೇಕು. ಕಾಂಡಕ್ಕೆ ತಾಗಿಸಬಾರದು, ಗೆದ್ದಲು ಹತ್ತುತ್ತದೆ. ಆಡು ಕುರಿ ಬಾಯಿ ಹಾಕದ ಹಾಗೆ ಸುತ್ತ ಜಾಲಿ ಮುಳ್ಳು.

ಎಲೆ ಉದುರಿ ಕಡ್ಡಿಯಂತೆ ನಿಂತ ಗಿಡ ಸತ್ತಿದೆಯೋ ಬದುಕಿದೆಯೋ ನೋಡುವುದನ್ನೂ ಕಾಕಾನೇ ತೋರಿಸಿದರು. ತೊಗಟೆಯನ್ನು ಉಗುರಿನಿಂದ ಒಂದು ಚೂರು ಕೆರೆಯಬೇಕು. ಒಳಗೆ ಕಂದು ಬಣ್ಣ ಇದ್ದರೆ ಅಲ್ಲಿ ಒಣಗಿದೆ, ಇನ್ನಷ್ಟು ಕೆಳಗೆ ಕೆರೆದು ನೋಡಬೇಕು. ಹಸಿರು ಕಂಡರೆ ಜೀವ ಇದೆ. ಮಗಳು ಒಂದು ಬೇವಿನ ಕಡ್ಡಿಯನ್ನು ಮೂರು ಕಡೆ ಕೆರೆದು, ಬುಡದ ಹತ್ತಿರ ಕೂದಲೆಳೆಯಷ್ಟು ಹಸಿರು ಕಂಡು, "ಕಾಕಾ, ಐತ್ರೀ!" ಅಂತ ಕೂಗಿದಳು. ಆವತ್ತಿನಿಂದ ಆ ಗಿಡ ಅವಳದ್ದು. ಕೆರೆ ದಂಡೆಯಲ್ಲಿ ಅವಳು ನೋಡುವವಳು ಮಾತ್ರ, ಇಲ್ಲಿ ಅವಳ ಕೈಯಲ್ಲಿ ಒಂದು ಜೀವ ಇತ್ತು. ನನಗೆ ಈ ಗುಂಪು ಮೇಲು ಅನಿಸಿದ್ದು ಇದೇ ಕಾರಣಕ್ಕೆ.

ಕೊರತೆ ಇಲ್ಲ ಅಂತಲ್ಲ. ಟ್ಯಾಂಕರ್ ತಡವಾದರೆ ಬಿಸಿಲು ಏರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಟ್ಯಾಂಕರಿನ ದುಡ್ಡು ಗುಂಪಿನವರೇ ಕೂಡಿಸುತ್ತಾರೆ. ಯಾರನ್ನೂ ಕೇಳುವುದಿಲ್ಲ, ಆದರೂ ಆದವರು ಕೊಡಬೇಕು. ಊರಿಗೆ ಕುಡಿಯುವ ನೀರಿನ ತಾಪತ್ರಯ ಇರುವ ವಾರದಲ್ಲಿ ಗಿಡಕ್ಕೆ ಅಂತ ನೀರು ಕೇಳುವುದು ಕಷ್ಟ. ಕೆಲವು ಮನೆಯವರು ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಕ್ಯಾನಿನಲ್ಲಿ ಕೂಡಿಟ್ಟು ತರುತ್ತಾರೆ. ಸೋಪು ಬೆರೆತದ್ದು ಬೇಡ.

ಹೊರಗೆ ಹೋಗಲಾಗದ ಮನೆಯೂ ಇರುತ್ತದೆ. ಅಜ್ಜ ಅಜ್ಜಿ ಹಾಸಿಗೆ ಹಿಡಿದಿದ್ದರೆ, ಮನೆಯಲ್ಲಿ ಕೂಸಿದ್ದರೆ ಬೆಳಿಗ್ಗೆ ಆರಕ್ಕೆ ಕೆರೆಗೆ ಹೋಗು ಅನ್ನುವುದು ಆಗದ ಮಾತು. ಅಂಥವರಿಗೆ ಸೀಸನ್‌ವಾಚ್ ಇದೆ. ಮನೆ ಮುಂದಿನ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಇದೆಯೋ ಇಲ್ಲವೋ, ಸ್ವಲ್ಪವೋ ಬಹಳವೋ ಅಂತ ಬರೆದು ಕಳಿಸುವುದು. ದೇಶದ ತುಂಬಾ ಜನ ಹೀಗೆ ಮರ ನೋಡುತ್ತಾರೆ. ಕಾಲಮಾನ ಬದಲಾದಂತೆ ಮರಗಳು ಹೂ ಬಿಡುವ ಹೊತ್ತು ಹೇಗೆ ಬದಲಾಗುತ್ತದೆ ಅನ್ನುವುದು ಈ ಲೆಕ್ಕದಿಂದ ತಿಳಿಯುತ್ತದೆ. ಐದು ನಿಮಿಷದ ಕೆಲಸ. ಆದರೆ ಮಕ್ಕಳಿಗೆ ಜೊತೆ ಇಲ್ಲದಿದ್ದರೆ ಬೇಗ ಬೇಸರ ಬರುತ್ತದೆ. ದೊಡ್ಡವರೊಬ್ಬರು ನೆನಪಿಸುತ್ತಿರಬೇಕು.

ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಒಳ್ಳೆಯದೇ, ಆದರೆ ಅದಕ್ಕೆ ಮಕ್ಕಳನ್ನು ಶಾಲೆಯ ಮೂಲಕ ಕರೆದೊಯ್ಯುತ್ತಾರೆ. ಮನೆಯವರು ಹೋಗಿ ಹೆಸರು ಬರೆಸುವಂಥದ್ದಲ್ಲ. ನಿಮ್ಮ ಶಾಲೆಯ ಮಾಸ್ತರರನ್ನು ಕೇಳಿನೋಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬೇಸಿಗೆ ಶಿಬಿರ ವಿಚಾರಿಸಿ.

ನೀರು ಹಾಕುವ ಗುಂಪು ನಿಮ್ಮ ಬಡಾವಣೆಯಲ್ಲಿ ಇಲ್ಲದಿದ್ದರೆ ಹೊಸದಾಗಿ ನೆಡುವುದು ಬೇಡ, ಕಳೆದ ವರ್ಷ ಯಾರೋ ನೆಟ್ಟ ಗಿಡಗಳನ್ನೇ ಹುಡುಕಿ. ರಸ್ತೆ ಬದಿ, ಶಾಲೆಯ ಕಾಂಪೌಂಡು, ಸ್ಮಶಾನದ ಅಂಚು, ಎಲ್ಲಾ ಕಡೆ ಇರುತ್ತವೆ. ಇಲಾಖೆಯ ನೆಡುತೋಪು ಆಗಿದ್ದರೆ ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಕುರ್ಚಿಗೆ, ಎರಡು ಕ್ಯಾನು, ತಲೆಗೆ ಟವೆಲ್, ಕುಡಿಯಲಿಕ್ಕೆ ಮಜ್ಜಿಗೆ ಇಷ್ಟಿದ್ದರೆ ಶುರು ಮಾಡಬಹುದು.

ಇನ್ನೊಂದು ಮಾತು. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಗುಂಪು ಕರಗುತ್ತದೆ, ಮಳೆ ಬಂತಲ್ಲ ಅಂತ ಎಲ್ಲರೂ ಬಿಡುತ್ತಾರೆ. ನಮ್ಮ ಜಿಲ್ಲೆಗೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ನಡುವೆ ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬರೀ ಗಾಳಿ ಬೀಸುತ್ತದೆ, ಹೊಸ ಗಿಡ ಆವಾಗಲೂ ಒಣಗುತ್ತದೆ. ರಜೆಯಲ್ಲಿ ಬರಲಾಗದವರು ಜುಲೈನ ಭಾನುವಾರ ಬನ್ನಿ. ಬಿಸಿಲು ಇರುವುದಿಲ್ಲ, ಕ್ಯಾನು ಹಿಡಿಯುವ ಕೈಗಳೂ ಆಗ ಕಡಿಮೆ ಇರುತ್ತವೆ.