ಹೆಜ್ಜೆಯಲ್ಲಿ ಭಾರ ಇರಬೇಕು: ಗಾಡ್ಜಿಲ್ಲಾ ಬಳಗದ ಸಿನಿಮಾಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು

ಗಾಡ್ಜಿಲ್ಲಾ ಅಂದರೆ ಜಪಾನಿನ ಸಿನಿಮಾಗಳ ದೈತ್ಯ ಪ್ರಾಣಿ; 1954ರ ಮೊದಲ ಚಿತ್ರದಲ್ಲಿ ಅದರ ಎತ್ತರ 50 ಮೀಟರ್. ನಮ್ಮ ಮೈಸೂರು ಅರಮನೆಯ ನಡುಗೋಪುರ 145 ಅಡಿ, ಅಂದರೆ ಸುಮಾರು 44 ಮೀಟರ್. ದೊಡ್ಡಕೆರೆ ಮೈದಾನದಲ್ಲಿ ಬಂದು ನಿಂತರೆ ಗೋಪುರದ ಕಳಶಕ್ಕಿಂತ ಮೇಲೆ ಅದರ ತಲೆ ಕಾಣುತ್ತೆ. ಈ ಸಿನಿಮಾಗಳ ಸೊಗಸು ಪೂರ್ತಿ ನಿಂತಿರುವುದು ಇದರ ಮೇಲೆಯೇ: ಅಷ್ಟು ದೊಡ್ಡ ಜೀವ ಕಾಲಿಟ್ಟರೆ ನೆಲ ಅದುರಿತು ಅಂತ ನೋಡುವವರಿಗೆ ಅನ್ನಿಸಬೇಕು.

ಒಳಗಿರುವುದು ರಬ್ಬರ್ ಉಡುಪು ತೊಟ್ಟ ಮನುಷ್ಯ, ಹರುವೊ ನಕಾಜಿಮಾ. ಮೊದಲು ಮಾಡಿದ ಉಡುಪು ಸುಮಾರು 100 ಕೆ.ಜಿ. ತೂಗುತ್ತಿತ್ತು. ಮಂಡ್ಯದವರ ಲೆಕ್ಕದಲ್ಲಿ ಎರಡು ಮೂಟೆ ಸಕ್ಕರೆ. ನಡೆಯಲಾಗದೆ ಹಗುರವಾದ ಇನ್ನೊಂದನ್ನು ಮಾಡಿಸಿದರು. ತಂತ್ರದ ಹೊಣೆ ಹೊತ್ತ ಎಯಿಜಿ ತ್ಸುಬುರಾಯ ಊರನ್ನು 25ರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿಸಿದರು. ಆ ಅಳತೆಯಲ್ಲಿ ನಮ್ಮ ಅರಮನೆ ಮಾಡಿದರೆ ಗೋಪುರ ಆರಡಿಯೂ ಬರಲ್ಲ. ದಸರಾ ಬೊಂಬೆ ಕೂರಿಸುವ ಮನೆಯವರಿಗೆ ಈ ಕುಸುರಿ ಕೆಲಸದ ಬೆಲೆ ಬೇಗ ಗೊತ್ತಾಗುತ್ತೆ.

ಆದರೆ ಪುಟ್ಟ ಕಟ್ಟಡ ಪುಟ್ಟದಾಗಿಯೇ ಬೇಗ ಬಿದ್ದುಹೋಗುತ್ತೆ. ಅದಕ್ಕೇ ಕ್ಯಾಮೆರಾ ವೇಗವಾಗಿ ಓಡಿಸಿ ನಿಧಾನವಾಗಿ ತೋರಿಸಬೇಕು. 25ರ ಅಳತೆಗೆ ಲೆಕ್ಕದ ಪ್ರಕಾರ ಅದರ ವರ್ಗಮೂಲ, 5 ಪಟ್ಟು, ಅಂದರೆ ಸೆಕೆಂಡಿಗೆ 24ರ ಬದಲು 120 ಚೌಕಟ್ಟು (ಫ್ರೇಮ್). ಇಷ್ಟು ಮಾಡಿದರೂ ನೀರು ಗುಟ್ಟು ಬಿಟ್ಟುಕೊಡುತ್ತೆ: ಊರು ಎಷ್ಟೇ ಚಿಕ್ಕದಾಗಲಿ, ಹನಿ ಚಿಕ್ಕದಾಗಲ್ಲ. ಸಮುದ್ರದ ದೃಶ್ಯದಲ್ಲಿ ಗೋಲಿ ಗಾತ್ರದ ಹನಿ ಕಂಡರೆ ಅದು ತೊಟ್ಟಿ ಅಂತ ತಿಳಿಯಿರಿ. ಕ್ಯಾಮೆರಾ ಎಲ್ಲಿದೆ ಅನ್ನುವುದನ್ನೂ ಗಮನಿಸಿ. ರಸ್ತೆಯಲ್ಲಿ ನಿಂತವನ ಕಣ್ಣಿನ ಮಟ್ಟದಿಂದ ಮೇಲೆ ನೋಡಿದರೆ ಎದೆ ಝಲ್ಲೆನ್ನುತ್ತೆ. ಪ್ರಾಣಿಯ ಎದೆಮಟ್ಟಕ್ಕೆ ಏರಿತೋ, ಎರಡು ಉಡುಪುಗಳ ಕುಸ್ತಿ ಅಷ್ಟೇ.

1970ರ ದಶಕದ ಹಲವು ಚಿತ್ರಗಳು ಸೋತಿದ್ದು ಇಲ್ಲೇ. ದುಡ್ಡು ಕಡಿಮೆ, ಊರು ಕಟ್ಟಿಸಲಾಗದೆ ಜಗಳ ಬಯಲಿಗೆ ಬಂತು. ಪಕ್ಕದಲ್ಲಿ ಕಟ್ಟಡವೇ ಇಲ್ಲದಿದ್ದರೆ ಪ್ರಾಣಿ ಎಷ್ಟು ಎತ್ತರ ಅಂತ ಕಣ್ಣಿಗೆ ಹೇಗೆ ಗೊತ್ತಾಗಬೇಕು? 1972ರ ‘ಗಾಡ್ಜಿಲ್ಲಾ ವರ್ಸಸ್ ಗೈಗನ್’, 1973ರ ‘ಗಾಡ್ಜಿಲ್ಲಾ ವರ್ಸಸ್ ಮೆಗಲಾನ್’ ಎರಡರಲ್ಲೂ ಹಳೆಯ ಚಿತ್ರಗಳ ತುಣುಕು ತಂದು ಅಂಟಿಸಿದ್ದಾರೆ. ಬಿಟ್ಟರೂ ನಷ್ಟವಿಲ್ಲ. ಅದೇ ಕಾಲದಲ್ಲಿ ಬಂದ 1971ರ ‘ಗಾಡ್ಜಿಲ್ಲಾ ವರ್ಸಸ್ ಹೆಡೊರಾ’ ಬೇರೆ ಜಾತಿಯದು. ಕಾರ್ಖಾನೆಯ ಕೊಳೆ ತಿಂದು ಬೆಳೆಯುವ ಪ್ರಾಣಿಯ ಕಥೆ, ಒರಟಾಗಿದ್ದರೂ ಒಳಗೆ ನಿಜವಾದ ಸಿಟ್ಟಿದೆ.

ಗಮೆರಾ ಅನ್ನುವ ಹಾರುವ ಆಮೆಯದೂ ಇದೇ ಪಾಡು. 1980ರ ಚಿತ್ರದ ಕಾದಾಟ ಹೆಚ್ಚುಕಡಿಮೆ ಪೂರ್ತಿ ಹಳೆಯ ಸರಕು. ಆದರೆ ಶುಸುಕೆ ಕನೆಕೊ 1995, 1996, 1999ರಲ್ಲಿ ಮಾಡಿದ ಮೂರೂ ಉತ್ತಮ. ಉಡುಪಿನ ಕಾಲದ ಕೈಕೆಲಸ ಎಲ್ಲಿವರೆಗೆ ಹೋಗಬಹುದು ಅಂತ ನೋಡಬೇಕಿದ್ದರೆ ಮೂರನೆಯದರಲ್ಲಿ ಟೋಕಿಯೋದ ಶಿಬುಯಾ ಬಡಾವಣೆ ಹೊತ್ತಿ ಉರಿಯುವ ಭಾಗ ನೋಡಿ.

ಶುರು ಮಾಡುವವರು ಕಪ್ಪುಬಿಳುಪಿನ 1954ರದ್ದರಿಂದಲೇ ಶುರು ಮಾಡಿ, ಅವಧಿ ಮಾತ್ರ ಪರೀಕ್ಷಿಸಿಕೊಳ್ಳಿ. 96 ನಿಮಿಷ ಇದ್ದರೆ ಅಸಲಿ. 80ರ ಆಸುಪಾಸಿನದು 1956ರ ಅಮೆರಿಕದ ಆವೃತ್ತಿ, ಅಣುಬಾಂಬಿನ ನೋವಿನ ಮಾತುಗಳನ್ನು ಬಹಳ ಮಟ್ಟಿಗೆ ಕತ್ತರಿಸಿ ಒಬ್ಬ ಅಮೆರಿಕನ್ ವರದಿಗಾರನನ್ನು ತುರುಕಿದ್ದಾರೆ. ಆ ನೋವು ಹೋದರೆ ಉಳಿಯುವುದು ಬರೀ ಹಲ್ಲಿ. ಮೊಬೈಲಿನ ಸ್ಪೀಕರ್ ಸಾಲದು: ಅಕಿರಾ ಇಫುಕುಬೆಯ ಸಂಗೀತ ಇದೆ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ತಂತಿ ಉಜ್ಜಿ ಹೊರಡಿಸಿದ ಆ ಗರ್ಜನೆ ಇದೆ.

ಆಮೇಲೆ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’. ಇಲ್ಲಿ ಉಡುಪಿಲ್ಲ, ಪ್ರಾಣಿ ಪೂರ್ತಿ ಕಂಪ್ಯೂಟರ್ ಕೆಲಸ. ಆದರೂ ಭಾರ ಒಂದು ಗುಂಜಿಯಷ್ಟೂ ಕಳೆದಿಲ್ಲ, ನೀರೂ ನೀರಿನ ಹಾಗೇ ಇದೆ; ದೃಶ್ಯತಂತ್ರಕ್ಕೆ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಅರ್ಧಕ್ಕರ್ಧ ಸರ್ಕಾರಿ ಸಭೆಗಳೇ, ಸಬ್‌ಟೈಟಲ್ ಓಡುವ ವೇಗಕ್ಕೆ ಮಕ್ಕಳಿಗೆ ಕಷ್ಟ. ಮಕ್ಕಳ ಜೊತೆ ಕೂರುವುದಾದರೆ ದೈತ್ಯ ಪತಂಗದ ಕಥೆಯಾದ 1961ರ ‘ಮೋತ್ರಾ’ ಹಾಕಿ.